ತಿದ್ದುವ ಬಟನ್ ಯಾರ ಕೈಲಿದೆ?

ಇವರಿಗೆ,
ಅಪರ ಮುಖ್ಯ ಕಾರ್ಯದರ್ಶಿಗಳು,
ಸಿಬ್ಬಂದಿ ಮತ್ತು ಆಡಳಿತ ಸುಧಾರಣೆ ಇಲಾಖೆ,
ವಿಧಾನಸೌಧ, ಬೆಂಗಳೂರು.
ಹಾಗೂ ಬೆಂಗಳೂರಿನಲ್ಲಿ ಕೂತು ರಾಜ್ಯದ ನೌಕರಿಗಳಿಗೆ ಅರ್ಜಿ ಕರೆಯುವ ಎಲ್ಲ ನೇಮಕಾತಿ ಸಂಸ್ಥೆಗಳ ಮುಖ್ಯಸ್ಥರಿಗೆ.

ವಿಷಯ: ಆನ್‌ಲೈನ್ ಅರ್ಜಿಯಲ್ಲಿ ಆದ ತಪ್ಪನ್ನು ತಿದ್ದಲು ಅವಕಾಶ ಕೊಡುವ ಬಗ್ಗೆ.

ಮಾನ್ಯರೇ,

ನಾನು ರಾಯಚೂರು ಜಿಲ್ಲೆಯ ಲಿಂಗಸುಗೂರಿನಲ್ಲಿ ಒಂದು ಆನ್‌ಲೈನ್ ಸೆಂಟರ್ ನಡೆಸುತ್ತೇನೆ. ಎರಡು ಕಂಪ್ಯೂಟರ್, ಒಂದು ಪ್ರಿಂಟರ್, ಒಂದು ಝೆರಾಕ್ಸ್ ಮಷೀನು, ಕರೆಂಟ್ ಹೋದರೆ ಮುಕ್ಕಾಲು ತಾಸು ಎಳೆಯುವ ಒಂದು ಯುಪಿಎಸ್. ಇಷ್ಟೇ ಬಂಡವಾಳ. ದಿನಾ ಪಹಣಿ, ಪಾನ್ ಕಾರ್ಡ್, ಸ್ಕಾಲರ್‌ಶಿಪ್ ಅಂತ ಜನ ಬಂದು ಹೋಗುತ್ತಾರೆ. ಆದರೆ ನಿಮ್ಮದೊಂದು ಅಧಿಸೂಚನೆ ಬಿತ್ತು ಅಂದರೆ ಅಂಗಡಿ ಮುಂದೆ ಜಾತ್ರೆ. ಮುದಗಲ್, ಹಟ್ಟಿ, ಗುರುಗುಂಟಾ ಕಡೆಯಿಂದ ಹುಡುಗ ಹುಡುಗಿಯರು ಪ್ಲಾಸ್ಟಿಕ್ ಫೈಲ್ ಎದೆಗೆ ಒತ್ತಿಕೊಂಡು ಬರುತ್ತಾರೆ. ಒಂದು ಅರ್ಜಿಗೆ ನೂರು ರೂಪಾಯಿ ತೆಗೆದುಕೊಳ್ಳುತ್ತೇನೆ. ಕೊನೇ ದಿನ ಕೆಲವು ಅಂಗಡಿಯವರು ಇನ್ನೂರು ಕೇಳುವುದುಂಟು. ನಾನು ಯಾವತ್ತೂ ಕೇಳಿಲ್ಲ ಅಂದರೆ ಸುಳ್ಳಾಗುತ್ತದೆ.

ಈ ಪತ್ರ ಬರೆಯಲು ಕಾರಣ ನಾನೇ ಮಾಡಿದ ಒಂದು ತಪ್ಪು. ತಪ್ಪು ನನ್ನದು, ಅನುಭವಿಸಿದ್ದು ಇನ್ನೊಬ್ಬರು. ಅದನ್ನು ಹೇಳುವ ಮೊದಲು ನಿಮ್ಮ ಅರ್ಜಿ ನಮ್ಮೂರಿನಲ್ಲಿ ಹೇಗೆ ತುಂಬಿಸಲ್ಪಡುತ್ತದೆ ಅಂತ ಸ್ವಲ್ಪ ಹೇಳುತ್ತೇನೆ. ಆನ್‌ಲೈನ್ ಅಂದ ಕೂಡಲೇ ಅಭ್ಯರ್ಥಿ ಮನೆಯಲ್ಲಿ ಕೂತು ಚಹಾ ಕುಡಿಯುತ್ತಾ ಅರ್ಜಿ ತುಂಬುತ್ತಾನೆ ಅಂತ ಬೆಂಗಳೂರಿನಲ್ಲಿ ಅಂದುಕೊಂಡಿದ್ದೀರೇನೋ ಅಂತ ನನಗೆ ಅನುಮಾನ.

ಇಲ್ಲಿ ಹಾಗಿಲ್ಲ. ಅವರ ಹತ್ತಿರ ಮೊಬೈಲ್ ಇದೆ, ಕಂಪ್ಯೂಟರ್ ಇಲ್ಲ. ನಿಮ್ಮ ಪುಟ ಮೊಬೈಲಿನಲ್ಲಿ ಅರ್ಧ ತೆರೆಯುತ್ತದೆ, ಉಳಿದರ್ಧ ಪರದೆಯ ಆಚೆ ಹೋಗುತ್ತದೆ. ಫೋಟೋ ಇಷ್ಟು ಕೆಬಿ ಒಳಗಿರಬೇಕು, ಸಹಿ ಇಷ್ಟು ಕೆಬಿ ಒಳಗಿರಬೇಕು ಅಂತೀರಿ. ಬಿಳಿ ಹಾಳೆಯ ಮೇಲೆ ಸಹಿ ಮಾಡಿಸಿ, ಸ್ಕ್ಯಾನ್ ಮಾಡಿ, ಕತ್ತರಿಸಿ, ಕುಗ್ಗಿಸಿ ಹಾಕುವುದು ನನ್ನಂಥವನೇ. ಅರ್ಜಿ ತುಂಬುವುದು ಸುಮ್ನೆ ಹೆಸರು, ಊರು ಬರೆಯುವ ಕೆಲಸವೂ ಅಲ್ಲ. ಒಬ್ಬ 2ಎ ವರ್ಗದ ಹುಡುಗಿ ಬಂದಳು ಅನ್ನಿ. ಜಾತಿಗೆ ನಮೂನೆ ಎಫ್ ಬೇಕು. 25 ಪರ್ಸೆಂಟ್ ಗ್ರಾಮೀಣ ಮೀಸಲಾತಿಗೆ ನಮೂನೆ-2 ಬೇಕು. ಅದಕ್ಕೆ ಓದಿದ ಶಾಲೆಯ ಹೆಡ್‌ಮಾಸ್ತರರು ಸಹಿ ಹಾಕಬೇಕು, ಅದರ ಮೇಲೆ ಬಿಇಓ ಅವರ ಮೇಲುರುಜು ಆಗಬೇಕು. ಏಳನೇ ಕ್ಲಾಸ್ ತನಕ ಒಂದು ಊರು, ಹೈಸ್ಕೂಲಿಗೆ ಇನ್ನೊಂದು ಊರಾಗಿದ್ದರೆ ಎರಡೂ ಕಡೆ ಅಲೆಯಬೇಕು. 5 ಪರ್ಸೆಂಟ್ ಕನ್ನಡ ಮಾಧ್ಯಮದ್ದು ಬೇರೆ ಕಾಗದ. ನಾವು ಕಲ್ಯಾಣ ಕರ್ನಾಟಕದವರಾದ್ದರಿಂದ, ನಮ್ಮ ಭಾಗದವರಿಗೆ ನೌಕರಿಯಲ್ಲಿ ಮೀಸಲಾತಿ ಕೊಡುವ ಸಂವಿಧಾನದ 371ಜೆ ವಿಧಿ ಕೆಳಗೆ ಎಸಿ ಸಾಹೇಬರು (ಉಪವಿಭಾಗಾಧಿಕಾರಿ) ಕೊಡುವ ಪ್ರಮಾಣಪತ್ರ ಮತ್ತೊಂದು. ಇಷ್ಟನ್ನೂ ಅವಳು ತಿಂಗಳುಗಟ್ಟಲೆ ಓಡಾಡಿ ಜೋಡಿಸಿರುತ್ತಾಳೆ. ಅದೆಲ್ಲ ಕೊನೆಗೆ ನನ್ನ ಪರದೆಯ ಮೇಲೆ ನಾಲ್ಕು ‘ಹೌದು’, ‘ಇಲ್ಲ’ ಆಗಿ ಕೂರುತ್ತದೆ.

ಎರಡು ವರ್ಷದ ಹಿಂದೆ ಒಂದು ಗ್ರೂಪ್ ಸಿ ನೇಮಕಾತಿಗೆ ಅರ್ಜಿ ಕರೆದಿದ್ದರು. ಯಾವ ಸಂಸ್ಥೆ, ಯಾವ ಹುದ್ದೆ ಅಂತ ಬರೆಯುವುದಿಲ್ಲ. ಬರೆದರೆ ಹುಡುಗಿ ಯಾರು ಅಂತ ನಮ್ಮೂರವರಿಗೆ ಗೊತ್ತಾಗುತ್ತದೆ. ಮುದಗಲ್ ಕಡೆಯ ಹಳ್ಳಿಯವಳು. ಅಪ್ಪನಿಗೆ ಎರಡೆಕರೆ ತೊಗರಿ ಹೊಲ. ಬಿ.ಎ. ಮುಗಿಸಿ, ಧಾರವಾಡದಲ್ಲಿ ಆರು ತಿಂಗಳು ಕೋಚಿಂಗಿಗೆ ಇದ್ದು, ದುಡ್ಡು ಸಾಲದೆ ಊರಿಗೆ ಬಂದು ಓದುತ್ತಿದ್ದಳು. ಎಸಿ ಆಫೀಸಿನಿಂದ 371ಜೆ ಪ್ರಮಾಣಪತ್ರ ಕೈಗೆ ಬಂದದ್ದೇ ಕೊನೇ ದಿನ ಸಂಜೆ. ರಾತ್ರಿ ಎಂಟೂವರೆಗೆ ಅಪ್ಪನ ಜೊತೆ ನನ್ನ ಅಂಗಡಿಗೆ ಬಂದಳು. ಅವಳ ಮುಂದೆ ಇನ್ನೂ ಹನ್ನೊಂದು ಜನ ಇದ್ದರು.

ಅವತ್ತು ಸರ್ವರ್ ಉಸಿರು ಬಿಗಿ ಹಿಡಿದು ಕೂತಿತ್ತು. ಒಂದು ಪುಟ ಉಳಿಸಲು ಹತ್ತು ನಿಮಿಷ. ಅವಳ ಸರದಿ ಬಂದಾಗ ಹತ್ತೂಕಾಲು. ಒಟಿಪಿ ಹೋಗುವ ನಂಬರು ಅವಳ ಅಣ್ಣನದು. ಅವನು ಬೆಂಗಳೂರಿನಲ್ಲಿ ಗಾರೆ ಕೆಲಸ ಮಾಡುತ್ತಾನೆ. ಲಿಂಗಸುಗೂರಿನ ಅರ್ಜಿಯ ಒಟಿಪಿ ಬೆಂಗಳೂರಿಗೆ ಹೋಗಿ, ಅಲ್ಲಿಂದ ಫೋನಿನಲ್ಲಿ ವಾಪಸ್ ಬರಬೇಕು. ‘ಯಣ್ಣಾ, ಬಂತೇನೋ ನಂಬರು? ಲಗೂ ಹೇಳೋ’ ಅಂತ ಅವಳು ಕೂಗುತ್ತಿದ್ದದ್ದು ಇನ್ನೂ ಕಿವಿಯಲ್ಲಿದೆ. ಮೂರು ಸಲ ಒಟಿಪಿ ಬಂತು, ಮೂರು ಸಲವೂ ಅವನು ಹೇಳುವಷ್ಟರಲ್ಲಿ ಹಳೆಯದಾಗಿತ್ತು. ನಾಲ್ಕನೆಯದು ಹಿಡಿಯಿತು.

371ಜೆ ಕೇಳುವ ಜಾಗದಲ್ಲಿ ‘ಹೌದು’ ಅಂತ ನಾನೇ ಒತ್ತಿದ್ದೆ. ಪ್ರಮಾಣಪತ್ರದ ನಂಬರನ್ನೂ ಹಾಕಿದ್ದೆ. ಫೋಟೋ ಹಾಕುವ ಹೊತ್ತಿಗೆ ಪುಟ ಸತ್ತು, ಮತ್ತೆ ಲಾಗಿನ್ ಆಗಬೇಕಾಯಿತು. ವಾಪಸ್ ಬಂದಾಗ ಹೆಸರು, ವಿಳಾಸ, ಜಾತಿ ಎಲ್ಲ ಇದ್ದವು. ಅದೊಂದು ಜಾಗ ಮಾತ್ರ ತಾನಾಗಿ ‘ಇಲ್ಲ’ಕ್ಕೆ ಹೋಗಿತ್ತು. ನಾನು ನೋಡಲಿಲ್ಲ. ಹನ್ನೊಂದು ನಲವತ್ತಕ್ಕೆ ಸಬ್ಮಿಟ್ ಒತ್ತಿದೆ. ದುಡ್ಡು ಕಟ್ಟಾಯಿತು. ಅವಳು ನಕ್ಕು ಕೈ ಮುಗಿದಳು. ಅವರಪ್ಪ ನೂರು ರೂಪಾಯಿ ಕೊಡಲು ಬಂದರು, ತಡರಾತ್ರಿ ಅಂತ ಇನ್ನೂ ಐವತ್ತು ಸೇರಿಸಿದರು. ನಾನು ತೆಗೆದುಕೊಂಡೆ.

ಮಾರನೇ ದಿನ ಪ್ರಿಂಟ್ ಒಯ್ಯಲು ಬಂದವಳೇ ಅದನ್ನು ಕಂಡದ್ದು. ಮೂರನೇ ಪುಟದಲ್ಲಿ ಬೆರಳಿಟ್ಟು, ‘ಅಣ್ಣಾ, ಇಲ್ಲಿ ಇಲ್ಲ ಅಂತ ಐತಲ್ಲ?’ ಅಂದಳು.

ನನ್ನ ಕೈಕಾಲು ತಣ್ಣಗಾದವು. ಲಾಗಿನ್ ಆಗಿ ನೋಡಿದೆ. ಅರ್ಜಿ ಕಾಣುತ್ತದೆ, ಓದಬಹುದು, ಪ್ರಿಂಟ್ ತೆಗೆಯಬಹುದು. ಮುಟ್ಟುವಂತಿಲ್ಲ. ಸಹಾಯವಾಣಿಗೆ ಫೋನ್ ಮಾಡಿದೆವು. ಎರಡು ದಿನ ರಿಂಗ್ ಆಯಿತು. ಮೂರನೇ ದಿನ ಎತ್ತಿದವರು ಇಮೇಲ್ ಕಳಿಸಿ ಅಂದರು. ಕಳಿಸಿದೆವು. ಸ್ವೀಕರಿಸಲಾಗಿದೆ ಅಂತ ಯಂತ್ರ ಬರೆದ ಒಂದು ಸಾಲು ಬಂತು, ಅಷ್ಟೇ. ಕೊನೆಗೆ ಬೆಂಗಳೂರಿಗೇ ಹೋಗೋಣ ಅಂತ ಅವಳು, ಅವರಪ್ಪ, ನಾನು ರಾತ್ರಿ ಬಸ್ಸು ಹತ್ತಿದೆವು. ಶಕ್ತಿ ಯೋಜನೆಯಲ್ಲಿ ಅವಳದು ಶೂನ್ಯ ಟಿಕೆಟ್. ಗಂಡಸರಿಬ್ಬರ ಟಿಕೆಟ್ ನಾನು ತೆಗೆಸಿದೆ. ಅಷ್ಟಾದರೂ ಮಾಡಬೇಕಿತ್ತು ಅಲ್ವಾ?

ಆ ಕಚೇರಿಯ ಗೇಟಿನಲ್ಲಿ ಮೊದಲು ಮಧ್ಯಾಹ್ನ ಮೂರರ ಮೇಲೆ ಬನ್ನಿ ಅಂದರು. ಸಾರ್ವಜನಿಕರ ಭೇಟಿಯ ಸಮಯ ಅದೇ ಅಂತೆ. ಬೆಳಗ್ಗೆ ಒಂಬತ್ತರಿಂದ ಮೂರರ ತನಕ ಎದುರಿನ ಫುಟ್‌ಪಾತಿನ ಮರದ ಕೆಳಗೆ ಕೂತೆವು. ನಮ್ಮಂಥವರು ಇನ್ನೂ ಏಳೆಂಟು ಜನ ಇದ್ದರು. ಒಬ್ಬನ ಹುಟ್ಟಿದ ತಾರೀಖು ತಪ್ಪಾಗಿತ್ತು. ಒಬ್ಬಳ ಫೋಟೋ ಜಾಗದಲ್ಲಿ ಸಹಿ, ಸಹಿ ಜಾಗದಲ್ಲಿ ಫೋಟೋ ಹೋಗಿತ್ತು. ಚಾಮರಾಜನಗರದ ಒಬ್ಬ ಹುಡುಗನ ಖಾತೆಯಿಂದ ಶುಲ್ಕ ಎರಡು ಸಲ ಕಟ್ಟಾಗಿ, ಅರ್ಜಿಯಲ್ಲಿ ಮಾತ್ರ ಶುಲ್ಕ ಬಾಕಿ ಅಂತ ಬರುತ್ತಿತ್ತು. ಅವನು ತಂದಿದ್ದ ಬ್ಯಾಂಕ್ ಸ್ಟೇಟ್‌ಮೆಂಟಿನ ಆ ಎರಡು ಸಾಲಿಗೆ ಹಸಿರು ಬಣ್ಣ ಬಳಿದಿದ್ದ.

ಮೂರೂವರೆಗೆ ಒಳಗೆ ಬಿಟ್ಟರು. ವಿಷಯ ನಿರ್ವಾಹಕಿ ಒಬ್ಬ ಹೆಣ್ಣುಮಗಳು, ತಾಳ್ಮೆಯವರು. ಅವರನ್ನು ದೂರುವುದಿಲ್ಲ. ನಮ್ಮ ಮಾತು ಪೂರ್ತಿ ಕೇಳಿ, ಅರ್ಜಿ ಸಂಖ್ಯೆ ಹಾಕಿ, ತಮ್ಮ ಕಂಪ್ಯೂಟರ್ ಪರದೆಯನ್ನೇ ನಮ್ಮ ಕಡೆ ತಿರುಗಿಸಿದರು.

‘ನೋಡಿ, ನನಗೂ ಕಾಣಿಸ್ತಿದೆ. ಪ್ರಮಾಣಪತ್ರದ ನಂಬರ್ ಕೂಡ ಇದೆ. ಮೇಲೆ ಇಲ್ಲ ಅಂತಿದೆ. ತಪ್ಪಾಗಿದೆ ಅಂತ ಯಾರಿಗಾದ್ರೂ ಗೊತ್ತಾಗುತ್ತೆ. ಆದ್ರೆ ನನಗೆ ಎಡಿಟ್ ಆಪ್ಷನ್ ಕೊಟ್ಟಿಲ್ಲ.’

‘ಯಾರಿಗೆ ಕೊಟ್ಟಾರ್ರಿ ಮೇಡಂ?’ ಅಂದರು ಹುಡುಗಿಯ ಅಪ್ಪ.

‘ಸಾಫ್ಟ್‌ವೇರ್ ಟೆಂಡರ್ ತಗೊಂಡಿರೋರಿಗೆ. ಅವರೂ ಮೇಲಿಂದ ಆರ್ಡರ್ ಆಗದೆ ಮುಟ್ಟಲ್ಲ.’

ಮೇಲಿನವರ ಕೋಣೆಗೂ ಹೋದೆವು. ನಿಯಮದಲ್ಲಿ ಅವಕಾಶ ಇಲ್ಲ, ಒಬ್ಬರಿಗೆ ಮಾಡಿಕೊಟ್ಟರೆ ನಾಳೆ ಎಲ್ಲರೂ ಬರುತ್ತಾರೆ ಅಂದರು. ಮನವಿ ಬರೆದು ಟಪಾಲಿನಲ್ಲಿ ಕೊಡಿ ಅಂದರು. ಕೊಟ್ಟೆವು. ನೀಲಿ ಸೀಲು ಹಾಕಿ ಒಂದು ಪ್ರತಿ ವಾಪಸ್ ಕೊಟ್ಟರು. ಅದಕ್ಕೆ ಇವತ್ತಿನ ತನಕ ಉತ್ತರ ಇಲ್ಲ. ರಾತ್ರಿ ಮೆಜೆಸ್ಟಿಕ್‌ನಲ್ಲಿ ಬಸ್ಸಿಗೆ ಕಾಯುವಾಗ ಅವರಪ್ಪ ಆಡಿದ ಮಾತು ಇದು: ‘ಇಷ್ಟು ದೂರ ಬಂದು ಟಿವಿ ನೋಡಿ ಹೋದಂಗಾತು ನೋಡ್ರಿ.’

ಪರೀಕ್ಷೆಗೆ ಆಗ ಇನ್ನೂ ಐದು ತಿಂಗಳಿತ್ತು. ಇದನ್ನು ದಯವಿಟ್ಟು ಗಮನಿಸಿ. ಹಾಲ್ ಟಿಕೆಟ್ ಅಚ್ಚಾಗಿರಲಿಲ್ಲ, ಕೇಂದ್ರ ಹಂಚಿರಲಿಲ್ಲ. ಯಾರಿಗೂ ನಷ್ಟವಾಗದ ಹಾಗೆ ಒಂದು ‘ಇಲ್ಲ’ವನ್ನು ‘ಹೌದು’ ಮಾಡಲು ಐದು ತಿಂಗಳು ಸಮಯ ಇತ್ತು. ಆಗಲಿಲ್ಲ. ಅವಳು ಪರೀಕ್ಷೆ ಬರೆದಳು. ಪಟ್ಟಿ ಬಂದಾಗ 371ಜೆ ಕೋಟಾದಲ್ಲಿ ಅವಳ ವರ್ಗದ ಕಟ್ ಆಫ್‌ಗಿಂತ ಅವಳ ಅಂಕ ನಾಲ್ಕೂಕಾಲು ಜಾಸ್ತಿ ಇತ್ತು. ಅವಳ ಹೆಸರು ಆ ಪಟ್ಟಿಯಲ್ಲಿ ಇರಲಿಲ್ಲ. ಯಾಕೆಂದರೆ ಸರ್ಕಾರದ ಲೆಕ್ಕದಲ್ಲಿ ಮುದಗಲ್ ಪಕ್ಕದ ಹಳ್ಳಿಯ ಈ ಹುಡುಗಿ ಕಲ್ಯಾಣ ಕರ್ನಾಟಕದವಳೇ ಅಲ್ಲ. ಸಂವಿಧಾನ ತಿದ್ದಿ 371ಜೆ ತಂದರು. ಅದೇ 371ಜೆಗೆ ಸೇರಿದ ಒಂದು ‘ಇಲ್ಲ’ವನ್ನು ತಿದ್ದಲು ಆಗಲಿಲ್ಲ.

ಆ ದಿನದಿಂದ ನನ್ನ ತಲೆಯಲ್ಲಿ ಕೊರೆಯುತ್ತಿರುವುದು ಒಂದೇ ವಿಷಯ. ಹಿಂದೆ ಕಾಗದದ ಅರ್ಜಿ ಇದ್ದಾಗ ಕೌಂಟರಿನ ಆಚೆ ಒಬ್ಬ ಗುಮಾಸ್ತರು ಇರುತ್ತಿದ್ದರು. ಬೈಯುತ್ತಿದ್ದರು, ಕಾಯಿಸುತ್ತಿದ್ದರು, ಕೆಲವರು ಕೈ ಚಾಚುತ್ತಲೂ ಇದ್ದರು. ಆದರೂ ಅರ್ಜಿ ಮೇಲೆ ಒಮ್ಮೆ ಕಣ್ಣಾಡಿಸಿ, ‘ಇಲ್ಲಿ ತಪ್ಪು ಬರೆದಿದ್ದೀಯ, ಸರಿ ಮಾಡ್ಕೊಂಡು ಬಾ’ ಅಂತ ಮುಖಕ್ಕೆ ಎಸೆಯುತ್ತಿದ್ದರು. ಹಾಗೆ ಎಸೆಯುವುದೂ ಒಂದು ಸೇವೆಯೇ ಆಗಿತ್ತು ಅಂತ ಈಗ ಅನ್ನಿಸುತ್ತದೆ. ಆ ಕೌಂಟರನ್ನು ನೀವು ಬೆಂಗಳೂರಿನಿಂದ ಎತ್ತಿ ನನ್ನ ಅಂಗಡಿಗೆ ತಂದು ಇಟ್ಟಿರಿ. ಗುಮಾಸ್ತರ ಕೆಲಸ ನಾನು ಮಾಡುತ್ತಿದ್ದೇನೆ. ನನಗೆ ಆದೇಶ ಇಲ್ಲ, ತರಬೇತಿ ಇಲ್ಲ, ಸಂಬಳ ಇಲ್ಲ, ತಪ್ಪು ಮಾಡಿದರೆ ನೋಟಿಸೂ ಇಲ್ಲ. ಈ ತುದಿಯಲ್ಲಿ ಯಾವ ಅಧಿಕಾರವೂ ಇಲ್ಲದ ನಾನು. ಆ ತುದಿಯಲ್ಲಿ ಹೆಸರು, ಮುಖ ಗೊತ್ತಿಲ್ಲದ ಟೆಂಡರ್‌ದಾರ. ನಡುವೆ, ತಪ್ಪು ಕಣ್ಣಿಗೆ ಕಾಣುತ್ತಿದ್ದರೂ ತಿದ್ದಲು ಬಟನ್ ಇಲ್ಲದ ನಿಮ್ಮ ಸಿಬ್ಬಂದಿ. ಅರ್ಜಿ ತೆಗೆದುಕೊಳ್ಳಲು ಎಲ್ಲರೂ ಇದ್ದೇವೆ. ತಿದ್ದಲು ಯಾರೂ ಇಲ್ಲ.

ತಿದ್ದಲು ಬಿಟ್ಟರೆ ಅಕ್ರಮಕ್ಕೆ ದಾರಿ ಆಗುತ್ತದೆ ಅಂತ ಒಬ್ಬ ಅಧಿಕಾರಿ ನನಗೆ ಹೇಳಿದರು. ಈ ಮಾತನ್ನು ನಾನು ತಳ್ಳಿಹಾಕುವುದಿಲ್ಲ. ನಮ್ಮ ಭಾಗದವರಿಗೆ ಅದು ಚೆನ್ನಾಗಿ ಗೊತ್ತು. 545 ಪಿಎಸ್‌ಐ ಹುದ್ದೆಗಳ ಪರೀಕ್ಷೆ 2021ರ ಅಕ್ಟೋಬರ್ 3ಕ್ಕೆ ನಡೆಯಿತು. ಅಕ್ರಮ ಬಯಲಾಗಿ 2022ರ ಏಪ್ರಿಲ್‌ನಲ್ಲಿ ಸರ್ಕಾರ ಅದನ್ನು ರದ್ದು ಮಾಡಿತು. ಮರುಪರೀಕ್ಷೆ ಆಗುವ ಹೊತ್ತಿಗೆ 2024ರ ಜನವರಿ 23. ನನ್ನ ಅಂಗಡಿಯಲ್ಲಿ ಅರ್ಜಿ ಹಾಕಿದ ಎಷ್ಟೋ ಹುಡುಗರು ಅಷ್ಟರಲ್ಲಿ ಮದುವೆಯಾಗಿ, ಮಕ್ಕಳಾಗಿ, ಓಡುವ ಅಭ್ಯಾಸ ಬಿಟ್ಟಿದ್ದರು. ಆದರೆ ಅಲ್ಲಿ ಆರೋಪ ಬಂದದ್ದು ಉತ್ತರ ಗುರುತು ಹಾಕುವ ಓಎಂಆರ್ ಹಾಳೆಯ ಮೇಲೆ, ಬ್ಲೂಟೂತ್ ಮೇಲೆ, ದುಡ್ಡಿನ ಮೇಲೆ. 2023ರಲ್ಲಿ ಬಿಗಿ ಕಾನೂನು ತಂದದ್ದೂ ಅದಕ್ಕೇ. ಯಾರೂ ಅರ್ಜಿಯಲ್ಲಿ ಹುಟ್ಟಿದ ತಾರೀಖು ತಿದ್ದಿಸಿ ಪಿಎಸ್‌ಐ ಆಗಲು ಹೋಗಲಿಲ್ಲ. ಪರೀಕ್ಷೆಗೆ ಐದು ತಿಂಗಳ ಮುಂಚೆ, ಎಸಿ ಸಾಹೇಬರೇ ಕೊಟ್ಟ ಪ್ರಮಾಣಪತ್ರ ನೋಡಿ ಒಂದು ಜಾಗ ತಿದ್ದಿದರೆ ಅದರಲ್ಲಿ ಯಾವ ಅಕ್ರಮ? ಹೇಗೂ ಆಯ್ಕೆ ಆದ ಮೇಲೆ ಮೂಲ ದಾಖಲೆ ನೋಡೇ ನೋಡುತ್ತೀರಿ. ಸುಳ್ಳು ಹೇಳಿದವರು ಅಲ್ಲಿ ಸಿಕ್ಕಿಬೀಳುತ್ತಾರೆ.

ಬೇರೆಯವರು ಹೇಗೆ ಮಾಡುತ್ತಾರೆ ಅಂತಲೂ ಹೇಳುತ್ತೇನೆ. ನನ್ನ ಅಂಗಡಿಯಲ್ಲಿ ಕೇಂದ್ರ ಸರ್ಕಾರದ ಅರ್ಜಿಗಳನ್ನೂ ತುಂಬುತ್ತೇವಲ್ಲ. ಸ್ಟಾಫ್ ಸೆಲೆಕ್ಷನ್ ಕಮಿಷನ್‌ನವರು ಕೊನೇ ದಿನ ಮುಗಿದ ಮೇಲೆ ತಿದ್ದುಪಡಿಗೆ ಅಂತಲೇ ಕೆಲವು ದಿನ ಕೊಡುತ್ತಾರೆ. ಮೊದಲ ಸಲ ತಿದ್ದಲು 200 ರೂಪಾಯಿ, ಎರಡನೇ ಸಲಕ್ಕೆ 500. ದುಡ್ಡು ಇಸಿದುಕೊಳ್ಳುತ್ತಾರೆ, ನಿಜ. ಆದರೆ ದಾರಿ ಇದೆ. ಯುಪಿಎಸ್‌ಸಿಯವರು 2022ರಲ್ಲೇ ಒಂದೇ ಸಲದ ನೋಂದಣಿ ತಂದರು. ಪ್ರತಿ ಪರೀಕ್ಷೆಗೂ ಅಪ್ಪನ ಹೆಸರು, ಅವ್ವನ ಹೆಸರು ಹೊಸದಾಗಿ ಟೈಪ್ ಮಾಡುವ ಕೆಲಸ ಇಲ್ಲ. ಕೇರಳದ ಪಿಎಸ್‌ಸಿಯಲ್ಲೂ ಒಂದೇ ಸಲದ ನೋಂದಣಿ, ಮೇಲಾಗಿ ಅಲ್ಲಿ ಅರ್ಜಿ ಶುಲ್ಕವೇ ಇಲ್ಲ. ನಮ್ಮಲ್ಲೂ ಕೆಲವು ನೇಮಕಾತಿಗಳಲ್ಲಿ ತಿದ್ದುಪಡಿಗೆ ಅವಕಾಶ ಕೊಟ್ಟಿದ್ದುಂಟು, ಇಲ್ಲ ಅನ್ನುವುದಿಲ್ಲ. ಆದರೆ ಅದು ಆ ಹೊತ್ತಿಗೆ ಕುರ್ಚಿಯಲ್ಲಿ ಕೂತವರ ಒಳ್ಳೆಯತನ. ನಮಗೆ ಬೇಕಾಗಿರುವುದು ನಿಯಮ.

ಇನ್ನೊಂದು ವಿಷಯ ನನಗೆ ಯಾವತ್ತೂ ಅರ್ಥವಾಗಿಲ್ಲ. ನಾಡಕಚೇರಿಯಿಂದ ಬರುವ ಜಾತಿ ಪ್ರಮಾಣಪತ್ರಕ್ಕೆ ಒಂದು ಆರ್‌ಡಿ ನಂಬರ್ ಇರುತ್ತದೆ. ಹೈಸ್ಕೂಲ್ ಮಕ್ಕಳ ಸ್ಕಾಲರ್‌ಶಿಪ್ ಅರ್ಜಿಯಲ್ಲಿ ಆ ನಂಬರ್ ಹಾಕಿದರೆ ಜಾತಿ, ಆದಾಯ ಎಲ್ಲ ತಾನಾಗಿ ಬಂದು ಕೂರುತ್ತದೆ. ತಪ್ಪು ಮಾಡಬೇಕು ಅಂದರೂ ಮಾಡಲು ಆಗುವುದಿಲ್ಲ. ‘ಕುಟುಂಬ’ ಅಂತ ಮನೆಮಂದಿಯ ವಿವರದ ಒಂದು ದತ್ತಾಂಶವನ್ನೇ ಸರ್ಕಾರ ಇಟ್ಟುಕೊಂಡಿದೆ. ಎಸ್ಸೆಸ್ಸೆಲ್ಸಿ ನಂಬರ್ ಹಾಕಿದರೆ ಹುಟ್ಟಿದ ತಾರೀಖು ಸಿಗುತ್ತದೆ. ಎಲ್ಲವೂ ನಿಮ್ಮದೇ ಮನೆಯಲ್ಲಿದೆ. ಆದರೆ ನೌಕರಿ ಅರ್ಜಿಗೆ ಬಂದಾಗ ಅದನ್ನೆಲ್ಲ ಮತ್ತೆ ನನ್ನ ಹತ್ತಿರ ಟೈಪ್ ಮಾಡಿಸುತ್ತೀರಿ. ಅದೂ ರಾತ್ರಿ ಹನ್ನೊಂದೂವರೆಗೆ, ಹನ್ನೆರಡನೇ ಗಿರಾಕಿಯದು. ತಪ್ಪಾದರೆ ಅಭ್ಯರ್ಥಿ ಕೊಟ್ಟ ಮಾಹಿತಿಯೇ ಅಂತಿಮ ಅಂತೀರಿ. ಸರ್ಕಾರ ತನ್ನ ಹತ್ತಿರ ಇರುವುದನ್ನು ಬಿಟ್ಟು ನನ್ನ ಮೌಸನ್ನು ನಂಬಿದೆ. ನನಗೇ ಅದರ ಮೇಲೆ ಅಷ್ಟು ನಂಬಿಕೆ ಇಲ್ಲ.

ಭಾಷೆಯದೂ ಒಂದು ಮಾತು. 2024ರ ಆಗಸ್ಟ್ 27ರಂದು 384 ಕೆಎಎಸ್ ಹುದ್ದೆಗಳ ಪೂರ್ವಭಾವಿ ಪರೀಕ್ಷೆಯಲ್ಲಿ ಕನ್ನಡದ ಪ್ರಶ್ನೆಗಳು ಹೇಗಿದ್ದವು ಅಂತ ರಾಜ್ಯಕ್ಕೆಲ್ಲ ಗೊತ್ತು. ಮರುಪರೀಕ್ಷೆ ಮಾಡಬೇಕಾಯಿತು. ಡಿಸೆಂಬರ್ 29ರ ಆ ಮರುಪರೀಕ್ಷೆಯಲ್ಲೂ ಅನುವಾದದ ಮೇಲೆ ದೂರು ಬಂತು. ಅದು ದೊಡ್ಡ ಪರೀಕ್ಷೆ, ಆದ್ದರಿಂದ ಸುದ್ದಿಯಾಯಿತು. ಅರ್ಜಿ ನಮೂನೆಗಳ ಕನ್ನಡದ ಬಗ್ಗೆ ಯಾರೂ ಕೇಳುವುದಿಲ್ಲ. ಎಷ್ಟೋ ಅರ್ಜಿಗಳಲ್ಲಿ ಮೇಲಿನ ಶೀರ್ಷಿಕೆ ಕನ್ನಡ, ಕೆಳಗೆ ಆಯ್ಕೆ ಮಾಡುವ ಜಾಗಕ್ಕೆ ಬಂದರೆ ಬರೀ ಇಂಗ್ಲಿಷ್. ಆರ್‌ಪಿಸಿ (ರಾಜ್ಯದ ಉಳಿದ ಭಾಗದ ಹುದ್ದೆಗಳು) ಅಂದರೆ ಏನು, ಎಚ್‌ಕೆ (ನಮ್ಮ 371ಜೆ ಭಾಗದ ಹುದ್ದೆಗಳು) ಅಂದರೆ ಏನು, ಎರಡರಲ್ಲಿ ಯಾವುದನ್ನು ಮೊದಲು ಆರಿಸಬೇಕು ಅಂತ ಒಂದು ಸಾಲಿನ ವಿವರಣೆ ಇರುವುದಿಲ್ಲ. ಕನ್ನಡ ಮಾಧ್ಯಮಕ್ಕೆ ಮೀಸಲಾತಿ ಕೊಟ್ಟವರೇ, ಆ ಮೀಸಲಾತಿ ಕೇಳುವ ಜಾಗವನ್ನು ಇಂಗ್ಲಿಷಿನಲ್ಲಿ ಇಡುತ್ತೀರಿ!

ನಡುವೆ 2024ರ ಅಕ್ಟೋಬರ್ ಕೊನೆಯಿಂದ ಹೊಸ ಅಧಿಸೂಚನೆಗಳೇ ನಿಂತಿದ್ದವು. ಪರಿಶಿಷ್ಟ ಜಾತಿಗಳ ಒಳಮೀಸಲಾತಿ ತೀರ್ಮಾನ ಆಗಬೇಕಿತ್ತು, ಅದು ಆಗಲೇಬೇಕಾದ ಕೆಲಸ, ನನಗೆ ಅದರ ಮೇಲೆ ತಕರಾರಿಲ್ಲ. ಆದರೆ ಆ ಖಾಲಿ ತಿಂಗಳುಗಳಲ್ಲಿ ಸಾಫ್ಟ್‌ವೇರ್ ಸರಿ ಮಾಡಿಕೊಳ್ಳಬಹುದಿತ್ತು. ಆ ಹೊತ್ತಿನಲ್ಲಿ ನನ್ನ ಅಂಗಡಿಗೆ ಬಂದದ್ದು ವಾಟ್ಸಾಪ್‌ನಲ್ಲಿ ಓಡಾಡುವ ಸುಳ್ಳು ಅಧಿಸೂಚನೆಗಳು. ಸರ್ಕಾರದ ಲಾಂಛನ, ಅಚ್ಚುಕಟ್ಟಾದ ಕನ್ನಡ, ಕೆಳಗೆ ದುಡ್ಡು ಕಟ್ಟಲು ಕ್ಯೂಆರ್ ಕೋಡ್. ಸುಳ್ಳು ಅಧಿಸೂಚನೆಯ ಕನ್ನಡ ನಿಮ್ಮದಕ್ಕಿಂತ ಚೆನ್ನಾಗಿತ್ತು ಅಂತ ಹೇಳಿದರೆ ಬೇಜಾರು ಮಾಡಿಕೊಳ್ಳಬೇಡಿ.

2011ರಲ್ಲಿ ನಮ್ಮದೇ ರಾಜ್ಯ ಸಕಾಲ ಕಾಯ್ದೆ ತಂದಿತು. ಜಾತಿ ಪ್ರಮಾಣಪತ್ರ ಹೇಳಿದ ದಿನಕ್ಕೆ ಕೊಡದಿದ್ದರೆ ದಿನಕ್ಕೆ 20 ರೂಪಾಯಿಯಂತೆ 500ರ ತನಕ ಪರಿಹಾರ ಕೊಡಬೇಕು ಅಂತ ಬರೆದರು. ಯಾರಾದರೂ ಆ 20 ರೂಪಾಯಿ ಇಸಿದುಕೊಂಡದ್ದನ್ನು ನಾನು ನೋಡಿಲ್ಲ, ಅದು ಬೇರೆ ಮಾತು. ಆದರೆ ಒಂದು ಗಡುವು ಇದೆ, ಚೀಟಿಯ ಮೇಲೆ ಒಂದು ತಾರೀಖು ಇದೆ. ಅಭ್ಯರ್ಥಿ ಕೊಟ್ಟ ಮನವಿಗೆ, ಎರಡು ಸಲ ಕಟ್ಟಾದ ಶುಲ್ಕಕ್ಕೆ, ಯಾಕೆ ಗಡುವು ಇಲ್ಲ? ಆ ನೀಲಿ ಸೀಲಿನ ಪ್ರತಿಯ ಮೇಲೆ ತಾರೀಖು ಇರುವುದು ನಾವು ಕೊಟ್ಟ ದಿನದ್ದು. ನೀವು ಉತ್ತರ ಕೊಡಬೇಕಾದ ದಿನದ್ದಲ್ಲ.

ಆದ್ದರಿಂದ ನನ್ನ ಕೋರಿಕೆ ಇಷ್ಟು. ಯಾವ ಸಂಸ್ಥೆ ಅರ್ಜಿ ಕರೆದರೂ, ಕೊನೇ ದಿನ ಮುಗಿದ ಮೇಲೆ ಕನಿಷ್ಠ ಏಳು ದಿನ ಅರ್ಜಿ ತಿದ್ದಲು ಬಿಡಬೇಕು ಅಂತ ನಿಮ್ಮ ಇಲಾಖೆಯಿಂದ ಒಂದು ಆದೇಶ ಹೊರಡಿಸಿ. ಬೇಕಾದರೆ ಶುಲ್ಕ ಇಡಿ, ಕಟ್ಟುತ್ತಾರೆ. ಅದರ ಆಚೆಗೂ ಉಳಿಯುವ ತಪ್ಪುಗಳಿಗೆ ಆ ಹುಡುಗಿ 420 ಕಿಲೋಮೀಟರ್ ಬರುವ ಹಾಗೆ ಮಾಡಬೇಡಿ. 371ಜೆ ಪ್ರಮಾಣಪತ್ರ ಕೊಟ್ಟ ಎಸಿ ಆಫೀಸು ನಮ್ಮ ಲಿಂಗಸುಗೂರಿನಲ್ಲೇ ಇದೆ, ನನ್ನ ಅಂಗಡಿಯಿಂದ ನಡೆದು ಹೋಗುವಷ್ಟು ದೂರ. ಅಲ್ಲೇ ಮೂಲ ದಾಖಲೆ ನೋಡಿ ತಿದ್ದುವ ಅಧಿಕಾರ ಕೊಡಿ. ಯಾರು ತಿದ್ದಿದರು, ಯಾವಾಗ ತಿದ್ದಿದರು ಅಂತ ದಾಖಲಾಗಲಿ. ಆರ್‌ಡಿ ನಂಬರಿನಿಂದ, ಎಸ್ಸೆಸ್ಸೆಲ್ಸಿ ನಂಬರಿನಿಂದ ಬರುವ ಮಾಹಿತಿಯನ್ನು ನಮ್ಮ ಹತ್ತಿರ ಟೈಪ್ ಮಾಡಿಸಬೇಡಿ. ಎಲ್ಲ ಸಂಸ್ಥೆಗಳಿಗೂ ಸೇರಿ ಒಂದೇ ನೋಂದಣಿ ಮಾಡಿ.

ಇನ್ನೊಂದು ಚಿಕ್ಕದು, ದುಡ್ಡು ಬೇಡದ್ದು. ಸಬ್ಮಿಟ್ ಒತ್ತಿದ ತಕ್ಷಣ ಅಭ್ಯರ್ಥಿಯ ಮೊಬೈಲಿಗೆ ಕನ್ನಡದಲ್ಲಿ ಒಂದು ಮೆಸೇಜ್ ಹೋಗಲಿ: ನೀವು 2ಎ ಕೇಳಿದ್ದೀರಿ, ಗ್ರಾಮೀಣ ಕೇಳಿದ್ದೀರಿ, ಕನ್ನಡ ಮಾಧ್ಯಮ ಕೇಳಿದ್ದೀರಿ, 371ಜೆ ಕೇಳಿಲ್ಲ. ಅಷ್ಟೇ ಸಾಕು. ಅವತ್ತು ಬೆಂಗಳೂರಿನ ಶೆಡ್ಡಿನಲ್ಲಿ ಮೊಬೈಲ್ ಹಿಡಿದು ಕೂತಿದ್ದ ಅವಳ ಅಣ್ಣನೇ ಓದಿ ಹೇಳುತ್ತಿದ್ದ. ಹನ್ನೊಂದು ನಲವತ್ತಕ್ಕೆ ಸಬ್ಮಿಟ್ ಆಗಿತ್ತು, ಹನ್ನೆರಡಕ್ಕೆ ಇನ್ನೂ ಇಪ್ಪತ್ತು ನಿಮಿಷ ಇತ್ತು.

ನಾನು ನನ್ನ ಕೈಲಾದದ್ದು ಮಾಡಿದ್ದೇನೆ. ಸಿಂಧನೂರಿನಲ್ಲಿ ಒಂದು ಹಳೇ ಮಾನಿಟರನ್ನು 1,800 ರೂಪಾಯಿಗೆ ತಂದು, ಗಿರಾಕಿ ಕೂರುವ ಕಡೆ ಮುಖ ಮಾಡಿ ಇಟ್ಟಿದ್ದೇನೆ. ನನ್ನ ಪರದೆಯಲ್ಲಿ ಕಾಣುವುದೆಲ್ಲ ಅವರಿಗೂ ಕಾಣುತ್ತದೆ. ಸಬ್ಮಿಟ್ ಒತ್ತುವ ಮುಂಚೆ ಒಂದೊಂದೇ ಸಾಲನ್ನು ಅವರ ಬಾಯಿಂದ ಓದಿಸುತ್ತೇನೆ. ಇದರಿಂದ ಒಂದು ಅರ್ಜಿಗೆ ಹತ್ತು ನಿಮಿಷ ಜಾಸ್ತಿ ಹಿಡಿಯುತ್ತದೆ. ಸರತಿಯಲ್ಲಿ ನಿಂತವರು ಗೊಣಗುತ್ತಾರೆ. ಆ ಹುಡುಗಿ ಮೊನ್ನೆ ಇನ್ನೊಂದು ಅರ್ಜಿ ಹಾಕಲು ಬಂದಿದ್ದಳು. ಪೂರ್ತಿ ಓದಿದಳು, 371ಜೆ ಸಾಲನ್ನು ಎರಡು ಸಲ ಓದಿದಳು. ಆಮೇಲೆ ‘ಅಣ್ಣಾ, ನೀ ಅತ್ಲಾಗ ಸರಿ, ನಾನ ಒತ್ತತೀನಿ’ ಅಂದು ಮೌಸನ್ನು ತನ್ನ ಕಡೆ ಎಳೆದುಕೊಂಡಳು. ಅವಳಿಗೆ ವಯಸ್ಸಿನ ಮಿತಿಯಲ್ಲಿ ಇನ್ನು ಎಷ್ಟು ವರ್ಷ ಉಳಿದಿದೆ ಅಂತ ನಾನು ಕೇಳಲಿಲ್ಲ.

ನಿಮ್ಮಲ್ಲಿ ಯಾರಾದರೊಬ್ಬರು, ಸಾಫ್ಟ್‌ವೇರ್ ಟೆಂಡರ್‌ನವರನ್ನೂ ಜೊತೆಗೆ ಕರೆದುಕೊಂಡು, ಒಂದು ಅಧಿಸೂಚನೆಯ ಕೊನೇ ದಿನ ನಮ್ಮ ಅಂಗಡಿಗೆ ಬನ್ನಿ ಅಂತ ಕೇಳಿಕೊಳ್ಳುತ್ತೇನೆ. ಕುರ್ಚಿ ಇದೆ, ಚಹಾ ತರಿಸುತ್ತೇನೆ. ಸಂಜೆ ಆರರಿಂದ ರಾತ್ರಿ ಹನ್ನೆರಡರ ತನಕ ಪಕ್ಕದಲ್ಲಿ ಕೂತರೆ ಸಾಕು. ಆ ದಿನ ನಾನು ಬಾಗಿಲು ಹಾಕುವುದು ಹನ್ನೆರಡರ ಮೇಲೆಯೇ.

ಇಂತಿ ತಮ್ಮ ವಿಶ್ವಾಸಿ,
ಲಿಂಗಸುಗೂರಿನ ಒಬ್ಬ ಆನ್‌ಲೈನ್ ಸೆಂಟರಿನವನು